ಕಾಡಪ್ಪನ ಕಿವಿ

"ಈ ನಾಲ್ಕು ನಾಝಲ್‌ನಾಗ ಒಂದು ಕೆಟ್ಟೈತ್ರಿ ಕಾಕಾರ. ಯಾವ್ದಂತ ನನ್ನ ಕಂಪ್ಯೂಟರ್ ಹೇಳೈತಿ. ಈಗ ನಿಮ್ಮ ಕಿವಿ ಹೇಳಬೇಕು" ಎಂದು ಉಮಾಶ್ರೀ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಕಾಡಪ್ಪ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ.

ಬೈಲಹೊಂಗಲದ ಸುತ್ತ ಯಾವ ಟ್ರ್ಯಾಕ್ಟರ್ ಕರಿ ಹೊಗೆ ಉಗುಳಿದರೂ ಅದರ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬರುವುದು ಕಾಡಪ್ಪನ ಅಂಗಡಿಗೇ. ಅದನ್ನು ಟೆಸ್ಟರ್‌ಗೆ ಜೋಡಿಸಿ, ಹಿಡಿಕೆ ಒತ್ತಿ, ಡೀಸೆಲ್ ಚಿಮ್ಮುವ ಕಿರ್ರ್ ಸಪ್ಪಳ ಕೇಳಿಯೇ ಅದರ ಜಾತಕ ಹೇಳುತ್ತಾನೆಂದು ಊರಿಗೆಲ್ಲ ನಂಬಿಕೆ. ಆ ಕಿವಿ ಎರಡು ವರ್ಷದ ಹಿಂದೆಯೇ ಕೈಕೊಟ್ಟಿದ್ದು ಗೊತ್ತಿರುವುದು ಹೆಂಡತಿ ಸುಂದರವ್ವನಿಗೆ ಮಾತ್ರ. ಎದುರಿಗಿದ್ದವರ ತುಟಿ ನೋಡಿಕೊಂಡು ಹೇಗೋ ದಿನ ದೂಡುತ್ತಿದ್ದ ಪುಣ್ಯಾತ್ಮ. ಗಿರಾಕಿಗಳಿಗೆ ತಿಳಿದರೆ ಅಂಗಡಿಗೆ ಬೀಗವೇ!

ಕಿತ್ತೂರಿನ ಈ ಹುಡುಗಿಯೋ, ಇಂಜಿನ್ನಿನ ಒಳಗೆ ಡೀಸೆಲ್ ಎಷ್ಟು ಸಣ್ಣ ಹನಿಯಾಗಿ ಒಡೆಯುತ್ತದೆ, ಸುಳಿಗಾಳಿಯಲ್ಲಿ ಹೇಗೆ ಬೆರೆಯುತ್ತದೆ ಎಂದು ಪಿಎಚ್.ಡಿ.ಗಾಗಿ ಮೂರು ವರ್ಷದಿಂದ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದಾಳೆ. ಆ ಲೆಕ್ಕವನ್ನು ಒರೆಗೆ ಹಚ್ಚಲು ಇವಳಿಗೆ ಸಿಕ್ಕಿದ್ದು ಇದೇ ಕಿವಿಯೇ?

ಕಾಡಪ್ಪ ಒಂದೊಂದನ್ನೇ ಜೋಡಿಸಿ, ಕಣ್ಣು ಮುಚ್ಚಿ ಹಿಡಿಕೆ ಒತ್ತಿದ. ನೋಡುವವರಿಗೆ ನಾಲ್ಕೂ ಒಂದೇ ಥರ ಮಂಜು ಉಗುಳಿದವು. ಅವನು ಮಾತ್ರ ಮೂರನೆಯದಕ್ಕೆ ಮೂಗು ಮುರಿದ.

"ಇದು ಸತ್ತೈತಿ."

"ಅಯ್ಯ ಶಿವನ! ಕಂಪ್ಯೂಟರೂ ಅದನ್ನ ಹೇಳೈತ್ರಿ!" ಉಮಾಶ್ರೀ ಕುಣಿದೇಬಿಟ್ಟಳು. ಆಮೇಲೆ ತಲೆ ತಗ್ಗಿಸಿ ಗೀಚಿಕೊಳ್ಳುತ್ತ, "ಸಪ್ಪಳ ಹೆಂಗ ಬ್ಯಾರೆ ಇತ್ರಿ?" ಎಂದಳು. ಕಾಡಪ್ಪ ನಾಝಲ್ ಒರೆಸುತ್ತಲೇ ಇದ್ದ. ಮತ್ತೆ ಕೇಳಿದಳು. ಊಹೂಂ.

ಚಹಾ ತಂದ ಸುಂದರವ್ವ ತಡೆಯಲಾರದೆ, "ಮಾರಿ ನೋಡಿ ಕೇಳವಾ, ಅವರಿಗೆ..." ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಇಬ್ಬರ ಮುಖ ನೋಡಿ ಕಾಡಪ್ಪನಿಗೆ ಗುಟ್ಟು ರಟ್ಟಾದದ್ದು ತಿಳಿಯಿತು. ನಾಚಿಕೆಯಿಂದ ಕುಗ್ಗಿಹೋದ. ಒಳ್ಳೆಯ ನಾಝಲ್ ಒಂದನ್ನು ಜೋಡಿಸಿ, ಉಮಾಶ್ರೀಯ ಅಂಗೈಯನ್ನು ಹಿಡಿಕೆಯ ಮೇಲಿಟ್ಟು ಒತ್ತಿಸಿದ. ಕೋಳಿಮರಿ ಹಿಡಿದಂತೆ ಅಂಗೈಯೊಳಗೆ ಏನೋ ಪಟಪಟ ನಡುಗಿತು. ಮೂರನೆಯದನ್ನು ಜೋಡಿಸಿದ. ನಡುಕವೇ ಇಲ್ಲ.

"ಊರಾಗ ಹೇಳಬ್ಯಾಡವಾ" ಎಂದ, ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಸಂಪಗಾಂವದ ನಿಜಗುಣಪ್ಪ ತನ್ನ ಟ್ರ್ಯಾಕ್ಟರಿನ ನಾಝಲ್ ಹಿಡಿದು ಒಳಬಂದ. ಲ್ಯಾಪ್‌ಟಾಪ್ ಕಂಡು ಮೀಸೆಯಲ್ಲೇ ನಕ್ಕ.

"ಏನವಾ, ನಿನ್ನ ಕಂಪ್ಯೂಟರಿಗೆ ನಮ್ಮ ಕಾಡಪ್ಪನಂಥಾ ಕಿವಿ ಐತೇನು?"

"ಇಂಥಾ ಕಿವಿ ಯಾವ ಕಂಪ್ಯೂಟರಿಗೂ ಇಲ್ರೀ ಅಜ್ಜಾರ" ಎಂದಳು ಉಮಾಶ್ರೀ, ಹಿಡಿಕೆಯ ಮೇಲಿನ ಅಂಗೈ ತೆಗೆಯದೆ.