ಎರ್ರಣ್ಣನ ನವಾರ ಪಟ್ಟಿ

ಎರ್ರಣ್ಣ ತನ್ನ ಮಂಚದ ನವಾರವನ್ನು ಸರಸರನೆ ಬಿಚ್ಚುತ್ತಿದ್ದಾಗ ಧಣಿ ಹಾಲಸಿದ್ದಪ್ಪನವರು ಬಂದು ಬಾಗಿಲಲ್ಲಿ ನಿಂತರು.

“ಅದ್ಯಾಕಲೇ ಮಂಚ ಬಿಚ್ಚಾಕತ್ತೀ?”

“ಪಟ್ಟಿ ಮಾಡಾಕ್ರಿ ಧಣಿ. ಸಿರುಗುಪ್ಪದ ದಾರಿ ಬಾಳ ಕೆಟ್ಟೈತಿ. ಕಟ್ಟಲಿಲ್ಲಂದ್ರ ತಗ್ಗಿನ್ಯಾಗ ಹಾರಿ ಬೀಳತೈತಿ.”

ಧಣಿಯ ಮುಖ ಸಣ್ಣಗಾಯಿತು. “ಹಂಗಾರ ಕಟ್ಟು. ಆದ್ರ ಬಾಳ ಬಿಗೀಬ್ಯಾಡ, ನೊಂದೀತು. ಬಿಸಿಲಾಗ ನಿಲ್ಲಿಸಬ್ಯಾಡ. ಕುರುಗೋಡಿನ್ಯಾಗ ನೀರಿಗೆ ನಿಂದ್ರಿಸು.”

ಹರಿಗೋಲಿನ ತೊಗಲು ಬಿಸಿಲಿಗೆ ಬಿರಿಯುತ್ತದೆಂಬುದು ಬ್ರೂಸ್‌ಪೇಟೆಯ ಬಟ್ಟೆ ವ್ಯಾಪಾರಿಯಾದ ಧಣಿಗೂ ಗೊತ್ತಿದೆಯಲ್ಲ ಎಂದು ಎರ್ರಣ್ಣನಿಗೆ ಮೆಚ್ಚಿಕೆಯಾಯಿತು.

೧೯೫೦ರ ಬೇಸಿಗೆ. ಅವನು ಡ್ರೈವರಾಗಿ ಸೇರಿ ಇನ್ನೂ ತಿಂಗಳು. ಅಷ್ಟು ದೊಡ್ಡ ಮನೆಯಲ್ಲಿ ಧಣಿ ಒಬ್ಬರೇ. ಹೆಂಡತಿ ತೀರಿಕೊಂಡು ಆರು ವರ್ಷವಂತೆ. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ. ಅವರು ಊಟಕ್ಕೆ ಕೂತರೆ ತಟ್ಟೆಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಎರ್ರಣ್ಣನಿಗೂ ಹಿಂದೆ ಮುಂದೆ ಯಾರಿಲ್ಲ. ಆ ಸಂಕಟ ಉಂಡವನಾದ್ದರಿಂದ ಧಣಿಯನ್ನು ಕಂಡರೆ ಅವನಿಗೆ ಕರುಳು ಚುರ್ರೆನ್ನುತ್ತಿತ್ತು. ಅಂಥ ಮನುಷ್ಯ ಇವತ್ತು ಮೊದಲ ಸಲ ಬಾಯಿಬಿಟ್ಟು ಕೇಳಿದ್ದರು.

“ದೇಶನೂರಿನಿಂದ ತಂದುಬಿಡು. ಆರು ವರ್ಷ ತಿರುಗಿ ನೋಡಲಿಲ್ಲ ನಾನು. ಅತ್ತಿಯವರಿಗೆ ಮುಖ ತೋರಿಸಾಕ ಆಗಂಗಿಲ್ಲ, ನೀನೇ ಹೋಗು. ಇನ್ನರ ನನ್ನ ಕಣ್ಣ ಮುಂದ ಇರಲಿ.”

ಸತ್ತ ಹೆಂಡತಿ ಹೊಳೆ ದಾಟುತ್ತಿದ್ದ ಹರಿಗೋಲು ಇರಬೇಕೆಂದು ಎರ್ರಣ್ಣ ತಾನೇ ಊಹಿಸಿಕೊಂಡ. ಕೂದಲು ಕೊಂಕದಂತೆ ತಂದು ಒಪ್ಪಿಸದಿದ್ದರೆ ತಾನು ಡ್ರೈವರೇ ಅಲ್ಲ ಎಂದುಕೊಂಡ. ನವಾರವನ್ನು ಎರಡು ಮಡಿಕೆ ಮಾಡಿ ದಬ್ಬಳದಿಂದ ಹೊಲಿದ. ತುದಿಗೆ ಕಬ್ಬಿಣದ ಬಳೆ ಸೇರಿಸಿದ. ಹೀಗೆ ನಾಲ್ಕು ಪಟ್ಟಿ. ಅವತ್ತು ಬರೀ ನೆಲದ ಮೇಲೆ ಮಲಗಿದ.

ದೇಶನೂರಿನಲ್ಲಿ ಧಣಿಯ ಅತ್ತೆ ಚನ್ನವೀರಮ್ಮ ಬಾಚಣಿಗೆ ಹಿಡಿದೇ ಹೊರಗೆ ಬಂದಳು. ಅವಳ ನರೆತಲೆ ಆಗಲೇ ನೀಟಾಗಿ ಬಾಚಿಯಾಗಿತ್ತು.

“ಧಣೇರು ಪುಟ್ಟಿ ತರಾಕ ಕಳಿಸ್ಯಾರ್ರಿ ಅವ್ವಾರ,” ಎಂದ ಎರ್ರಣ್ಣ. ಅವನು ಹುಟ್ಟಿ ಬೆಳೆದ ಹೊಳೆದಂಡೆಯಲ್ಲಿ ಹರಿಗೋಲಿಗೆ ಪುಟ್ಟಿ ಎಂದೇ ಹೆಸರು. ತೆಲುಗಿನಿಂದ ಬಂದು ಕನ್ನಡದಲ್ಲಿ ಕಾಲು ಚಾಚಿ ಕೂತ ಮಾತು.

ಮುದುಕಿ ಹಿಂದಿನ ಕದ ಎಳೆದುಕೊಂಡು ಕಟ್ಟೆಯ ಮೇಲೆ ಕುಸಿದಳು. “ಒಂದಿಲ್ಲೊಂದಿನ ಕೇಳ್ತಾರಂತ ಗೊತ್ತಿತ್ತಪ್ಪ. ಅದನ್ನ ಒಯ್ದ ಮ್ಯಾಲೆ ನಾನು ಈ ಗ್ವಾಡಿ ಜೋಡಿ ಮಾತಾಡಬೇಕು.”

ಎರ್ರಣ್ಣ ನವಾರದ ಪಟ್ಟಿ ಎತ್ತಿ ತೋರಿಸಿದ. “ಅಳಬ್ಯಾಡ್ರಿ. ಒಂದು ಗೀರೂ ಬೀಳದಂಗ ಒಯ್ತೀನಿ. ಕಾರಿನ ಮ್ಯಾಲೆ ಬೋರಲು ಹಾಕಿ, ಈ ಪಟ್ಟೀಲೆ ಕಟ್ಟತೀನಿ. ಎತ್ತಾಕ ಇಬ್ಬರು ಆಳು ಕೊಡ್ರಿ, ಸಾಕು.”

ಚನ್ನವೀರಮ್ಮನ ಅಳು ಗಕ್ಕನೆ ನಿಂತಿತು. ಪಟ್ಟಿ ನೋಡಿದಳು, ಕಾರು ನೋಡಿದಳು, ಎರ್ರಣ್ಣನ ಮುಖ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಒಯ್ಯಪ್ಪ, ಒಯ್ಯಿ. ಹೊಳಿ ದಂಡ್ಯಾಗ ಐತಿ. ಹುಟ್ಟೂ ಒಯ್ಯಿ.”

ತಾನೇ ಆಳುಗಳನ್ನು ಕೂಗಿದಳು. ಇಬ್ಬರು ಕೂರುವಷ್ಟು ಸಣ್ಣ ಹರಿಗೋಲು. ಎತ್ತಿ ಕಾರಿನ ಮೇಲಿಟ್ಟರು. ಬೇಡ ಬೇಡವೆಂದರೂ ಅವಳು ಎರ್ರಣ್ಣನಿಗೆ ಬುತ್ತಿ ಕಟ್ಟಿಕೊಟ್ಟಳು. ದುಃಖ ನುಂಗುವುದೆಂದರೆ ಹೀಗೆ ಎಂದು ಅವನು ಕೈಮುಗಿದು ಹೊರಟ.

ಕುರುಗೋಡಿನಲ್ಲಿ ಬೇವಿನ ನೆರಳಿಗೆ ನಿಲ್ಲಿಸಿ ತೊಗಲಿಗೆ ನೀರು ಚಿಮುಕಿಸಿದ. ಪಟ್ಟಿ ಎಳೆದು ನೋಡಿದ. ಒಂದು ಬೆರಳೂ ಜರುಗಿರಲಿಲ್ಲ.

ಬ್ರೂಸ್‌ಪೇಟೆಯಲ್ಲಿ ಧಣಿ ಬೆಳಗಿನಿಂದ ಬೀದಿಯಲ್ಲೇ ಕಾಯುತ್ತಿದ್ದರು. ಕ್ಷೌರ ಮಾಡಿಸಿಕೊಂಡು ಹೊಸ ಧೋತರ ಉಟ್ಟಿದ್ದರು. ಕಾರು ನಿಲ್ಲುವ ಮೊದಲೇ ಓಡಿ ಬಂದರು. ಮೇಲಿದ್ದದ್ದನ್ನು ಅವರು ನೋಡಲೇ ಇಲ್ಲ. ಹಿಂದಿನ ಬಾಗಿಲು ತೆರೆದು, ಒಳಗೆ ಬಗ್ಗಿ, ಖಾಲಿ ಸೀಟಿನ ಮೇಲೆ ಕೈಯಾಡಿಸಿದರು.

“ಎರ್ರಣ್ಣ, ನನ್ನ ಮಗಳು ಪುಟ್ಟಿ ಎಲ್ಲೋ?”