ನೀರಿಗೆ ಬಂದ ಕೊಂಬು

'ಕೆಳಮನೆಯಲ್ಲಿ ನೀರು. ನಾನೇನು ಮಾಡಲಿ?'

ಮೀನು ಕೊಯ್ಯುತ್ತಲೇ ಓಕ್‌ಬುನ್ ಗಂಡನ ಸಂದೇಶವನ್ನು ಮಡಚುವ ಫೋನಿನ ಪುಟ್ಟ ಪರದೆಯಲ್ಲಿ ನೋಡಿ ಗಟ್ಟಿಯಾಗಿ ಓದಿದಳು. ಅವನಿಗೆ ಕಿವಿ ಕೇಳದು, ಅಕ್ಷರವೇ ಮಾತು.

"'ನಾನೇನು ಮಾಡ್ಲೀಈ...'" ಪಕ್ಕದಂಗಡಿಯ ಮಾಲ್‌ಸುನ್ ರಾಗ ಎಳೆದು ಅಣಕಿಸಿದಳು. "ಪೈಪ್ ಒಡೆದಿರುತ್ತೆ ಬಿಡಕ್ಕಾ. ನೀರಿಗೇನು ಕೊಂಬು ಬಂದಿದ್ಯಾ, ಮೆಟ್ಟಿಲು ಹತ್ತೋಕೆ? ಒಳಗೇ ಇರ್ಲಿ ಭಾವ."

ನಗುತ್ತಲೇ ಓಕ್‌ಬುನ್ 'ಒಳಗೇ ಇರಿ' ಎಂದು ಕಳಿಸಿದಳು. ಹೋಯಿತೋ ಇಲ್ಲವೋ ಎಂದು ಕನ್ನಡಕ ಏರಿಸಿ, ಫೋನನ್ನು ಮೂಗಿನ ತನಕ ತಂದಳು. ಕೊರಿಯನ್ ಭಾಷೆಯಲ್ಲಿ 'ಮುಲ್' ಅಂದರೆ ನೀರು. ಅದರ ಮೊದಲಕ್ಷರ ಬರೀ ಒಂದು ಚೌಕ. ಗಂಡ ಬರೆದ ಚೌಕದ ತಲೆಯ ಮೇಲೆ, ಸಾಸಿವೆಯಷ್ಟು ಸಣ್ಣಗೆ, ಎರಡು ಕೊಂಬುಗಳಿದ್ದವು. ಅದು 'ಬುಲ್'. ಬೆಂಕಿ.

ಅವಳ ಕೈಯಲ್ಲೇ ಫೋನು ನಡುಗಿತು: 'ಸರಿ. ಬಾಗಿಲು ಹಾಕಿಕೊಂಡೆ.'