ಸಂಪಿನೊಳಗೆ ದೂಮಪ್ಪ

ಮನುಷ್ಯರ ಚರ್ಮ ನೀರನ್ನು ಒಳಬಿಡಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಸಿಹಿನೀರಿನಲ್ಲಿ ನಿಂತರೆ ಮೈ ಊದುತ್ತಿತ್ತು, ಉಪ್ಪುನೀರಿನಲ್ಲಿ ಸೊರಗುತ್ತಿತ್ತು. ಹಾಗಾಗಿ ಸಂಪು ತೊಳೆಯುವವರು ಮೊದಲು ಮೋಟರ್ ನಿಲ್ಲಿಸಿ, ನೀರಿಗೆ ಉಪ್ಪು ಕದಡಿಯೇ ಇಳಿಯುತ್ತಿದ್ದರು. ಹೆರಿಗೆ ಆಸ್ಪತ್ರೆಯ ಸಂಪಿಗೆ ಬಾಲ್ದಿ ಬಿದ್ದಾಗ ದೂಮಪ್ಪ ಮಾತ್ರ, ಐದು ನಿಮಿಷದ ಕೆಲಸ ತಾನೇ ಎಂದು ಎರಡನ್ನೂ ಮಾಡದೆ ಹಾಗೆಯೇ ಇಳಿದ. ಬಾಲ್ದಿ ಸಿಗುವಷ್ಟರಲ್ಲಿ ಅವನ ಭುಜ ಸಂಪಿನ ಬಾಯಿಗಿಂತ ಅಗಲವಾಗಿತ್ತು.

ಜೊತೆಗಾತಿ ಲಲಿತಕ್ಕ ಮೇಲಿನಿಂದ ಉಪ್ಪಿನ ಚೀಲ ಬಿಚ್ಚಿದಳು. "ಸುರೀತೇನೆ. ಗಳಿಗೆಯಲ್ಲಿ ಊತ ಇಳೀತದೆ."

"ಬೇಡ ಮಾರಾಯ್ತಿ! ಮೋಟರ್ ತಾನಾಗಿ ನೀರೆಳೀತದೆ. ಮೇಲೆ ಶಿಶುಗಳನ್ನು ಮೀಯಿಸೋದು ಇದೇ ನೀರಲ್ಲಿ. ನರ್ಸುಗಳು ಅಳೆದು ಹಾಕುವ ಉಪ್ಪಿನ ಮೇಲೆ ಇದೂ ಸೇರಿದ್ರೆ ಕೂಸುಗಳು ಒಣಗಿ ಹೋಗ್ತವೆ."

"ಮೋಟರ್ ಕೋಣೆಯ ಕೀಲಿಕೈ ವಾಚ್‌ಮನ್ ಹತ್ತಿರ. ಅವ ಊಟಕ್ಕೆ ಹೋದ."

"ಹೋಗಿ ಕರ್ಕೊಂಡು ಬಾ."

"ಅಷ್ಟರಲ್ಲಿ ನೀನು ಒಡೆದು ಹೋಗ್ತೀಯ ದೂಮಣ್ಣ!"

"ಹಾಗಾದ್ರೆ ಮಾತಾಡ್ಬೇಡ, ಓಡು."

ಚೀಲ ಬಿಟ್ಟು ಅವಳು ಓಡಿದಳು. ಸೊಂಟದವರೆಗಿನ ನೀರಿನಲ್ಲಿ ನಿಂತ ದೂಮಪ್ಪ ಮುಷ್ಟಿ ಕಟ್ಟಲು ನೋಡಿದ, ಬೆರಳುಗಳು ಮಡಚಿಕೊಳ್ಳಲಿಲ್ಲ. ಅದೇ ಹೊತ್ತಿಗೆ ಮೋಟರ್ ಗುಂಯ್ ಎಂದಿತು. ಪೈಪಿನಲ್ಲಿ ಮೇಲೇರುತ್ತಿದ್ದ ನೀರು ಇನ್ನೂ ಸಿಹಿಯಾಗಿಯೇ ಇತ್ತು.